ಸಾಲು ಮುಗಿದಲ್ಲಿ ಉಸಿರು: ಐಸಾಕ್ ವಾಟ್ಸ್‌ನ ಹಾಡುಗಳು

ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಒಂದು ಸಾಧಾರಣ ದೇವಾಲಯ, ಭಾನುವಾರದ ಬೆಳಗು. ವಾದ್ಯವಿಲ್ಲ. ಕೈಯಲ್ಲಿ ಪುಸ್ತಕವಿರುವವರು ಕೆಲವರು, ಓದಲು ಬಾರದವರು ಹಲವರು. ಸಭೆಯ ಮುಂದೆ ಒಬ್ಬ ಎದ್ದು ನಿಂತು ದಾವೀದನ ಕೀರ್ತನೆಯ ಒಂದು ಸಾಲನ್ನು ಗಟ್ಟಿಯಾಗಿ ಓದುತ್ತಾನೆ. ಜನ ಆ ಸಾಲನ್ನು ಎಳೆದೆಳೆದು ಹಾಡುತ್ತಾರೆ. ಹಾಡು ನಿಲ್ಲುತ್ತದೆ. ಆತ ಎರಡನೆಯ ಸಾಲು ಓದುತ್ತಾನೆ; ಜನ ಮತ್ತೆ ಹಾಡುತ್ತಾರೆ. ನಮ್ಮ ಭಜನೆಗಳಲ್ಲೂ ಒಬ್ಬರು ಹೇಳಿಕೊಟ್ಟು ಉಳಿದವರು ಹಿಂಬಾಲಿಸುವುದುಂಟು. ಆದರೆ ಹೇಳಿಕೊಡುವವರೂ ಹಾಡುತ್ತಲೇ ಹೇಳಿಕೊಡುತ್ತಾರೆ, ತಾಳ ಮುರಿಯುವುದಿಲ್ಲ. ಅಲ್ಲಿ ಮಾತ್ರ ಪ್ರತಿ ಸಾಲಿಗೂ ಹಾಡು ಸತ್ತು ಹುಟ್ಟಬೇಕಿತ್ತು. 1645ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಜಾರಿಗೆ ತಂದ ಆರಾಧನೆಯ ಕೈಪಿಡಿಯೇ, ಓದು ಬಾರದವರು ಹೆಚ್ಚಿರುವ ಕಡೆ ಹೀಗೆ ಸಾಲು ಸಾಲಾಗಿ ಓದಿ ಹಾಡಿಸುವುದು ಒಳ್ಳೆಯದೆಂದು ಹೇಳಿತ್ತು.

ಇದರಿಂದ ಪದ್ಯಕ್ಕೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಕವಿ ಒಂದು ವಾಕ್ಯವನ್ನು ಸಾಲಿನ ನಡುವೆ ಶುರುಮಾಡಿ ಮುಂದಿನ ಸಾಲಿನ ನಡುವೆ ಮುಗಿಸಿದ್ದರೆ, ಸಭೆ ಅರ್ಧ ವಾಕ್ಯವನ್ನು ಬಾಯಲ್ಲಿಟ್ಟುಕೊಂಡು ನಿಲ್ಲಬೇಕು. ಸಾಲಿನ ಕೊನೆಗೆ ‘ಇಲ್ಲ’ ಎಂದು ಬಂದು, ಏನು ಇಲ್ಲ ಎಂಬುದು ಮುಂದಿನ ಸಾಲಿಗೆ ಉಳಿದಿದ್ದರೆ, ಅಷ್ಟು ಹೊತ್ತು ಇಡೀ ಊರು ದೇವರ ಮುಂದೆ ಅಸಂಬದ್ಧವನ್ನು ಹಾಡುತ್ತಿರುತ್ತದೆ.

ಇಂಗ್ಲಿಷ್ ಸ್ತುತಿಗೀತೆಯ ತಂದೆಯೆಂದು ಹೆಸರಾದ ಐಸಾಕ್ ವಾಟ್ಸ್ ಈ ಪದ್ಧತಿಯನ್ನು ಇಷ್ಟಪಡಲಿಲ್ಲ. ಹಾಗಿದ್ದೂ ತನ್ನ ಪದ್ಯವನ್ನು ಪೂರ್ತಿಯಾಗಿ ಇದೇ ಪದ್ಧತಿಯ ಅಳತೆಗೆ ಕತ್ತರಿಸಿಕೊಟ್ಟ. ಅವನ ಕಾವ್ಯದ ಗುಟ್ಟು ಅಲ್ಲಿದೆ. ಭಕ್ತಿಯಲ್ಲಿ ಅವನನ್ನು ಮೀರಿಸುವವರು ಇದ್ದರು. ಕಲ್ಪನೆಯಲ್ಲಿ ಮೀರಿಸುವವರಂತೂ ಬಹಳ ಮಂದಿ. ಬಾಯಿ ತೆರೆಯಲಿರುವ ಜನರನ್ನು ಕಣ್ಣೆದುರಿಗೆ ಇಟ್ಟುಕೊಂಡು, ತನಗೆ ಬರುತ್ತಿದ್ದ ಅಲಂಕಾರವನ್ನು ಬೇಕೆಂದೇ ಬಿಟ್ಟುಕೊಡುವುದರಲ್ಲಿ ಮಾತ್ರ ಅವನಿಗೆ ಸಮನಾದವರು ಇರಲಿಲ್ಲ.

ಕನ್ನಡಿಗರಿಗೆ ಇಂಗ್ಲಿಷ್ ಸ್ತುತಿಗೀತೆ ಹೊಸದೇನಲ್ಲ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಓದದವರ ಬಾಯಲ್ಲೂ ‘ಕರುಣಾಳು ಬಾ ಬೆಳಕೆ’ ಇದೆ. ಅದರ ಮೂಲ ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ, ಗಾಳಿಯಿಲ್ಲದೆ ನಿಂತ ಹಡಗಿನಲ್ಲಿ ಕುಳಿತು ಬರೆದದ್ದು. ಅದು ಒಬ್ಬಂಟಿಯ ಪ್ರಾರ್ಥನೆ. ಕನ್ನಡದಲ್ಲಿ ಅದು ಭಾವಗೀತೆಯ ಮನೆಗೆ ಬಂದು ಸೇರಿಕೊಂಡದ್ದು ಸಹಜ. ಆದರೆ ಇಂಗ್ಲಿಷಿನಲ್ಲಿ ಒಬ್ಬ ಮನುಷ್ಯ ತನ್ನದೇ ಮಾತಿನಲ್ಲಿ ಬರೆದ ಹಾಡನ್ನು ಇಡೀ ಸಭೆ ದೇವರ ಮುಂದೆ ಹಾಡಬಹುದು ಎಂಬ ಮಾತೇ ನ್ಯೂಮನ್‌ಗಿಂತ ನೂರಿಪ್ಪತ್ತು ವರ್ಷ ಹಿಂದೆ ಜಗಳದ ವಿಷಯವಾಗಿತ್ತು.

ಜಗಳದ ಮೂಲ ಮತಸುಧಾರಕ ಜಾನ್ ಕ್ಯಾಲ್ವಿನ್‌ನ ಉಪದೇಶ. ಆರಾಧನೆಯಲ್ಲಿ ಹಾಡಬೇಕಾದದ್ದು ದೇವರೇ ಕೊಟ್ಟ ಮಾತನ್ನು, ಮನುಷ್ಯ ಕಟ್ಟಿದ್ದನ್ನಲ್ಲ. ದೇವರು ಕೊಟ್ಟ ಹಾಡಿನ ಪುಸ್ತಕ ಸತ್ಯವೇದದಲ್ಲೇ, ಅಂದರೆ ಬೈಬಲಿನಲ್ಲೇ, ಇದೆ: ನೂರೈವತ್ತು ಹಾಡುಗಳು. ಕನ್ನಡದಲ್ಲಿ ಸತ್ಯವೇದವನ್ನು ತಂದವರು ಆ ಪುಸ್ತಕವನ್ನು ‘ಕೀರ್ತನೆಗಳು’ ಎಂದು ಕರೆದರು; ದಾಸರ ಮನೆಯ ಮಾತನ್ನೇ ಆರಿಸಿಕೊಂಡರು, ಒಳ್ಳೆಯ ಆಯ್ಕೆ. ಇಂಗ್ಲಿಷರು ಈ ಕೀರ್ತನೆಗಳನ್ನು ಹಾಡಲು ಬರುವಂತೆ ಪ್ರಾಸಬದ್ಧವಾಗಿ ಮಾಡಿಕೊಂಡಿದ್ದರು. ಎಂಟನೆಯ ಹೆನ್ರಿಯ ಉಡುಪಿನ ಕೋಣೆ ನೋಡಿಕೊಳ್ಳುತ್ತಿದ್ದ ಥಾಮಸ್ ಸ್ಟರ್ನ್‌ಹೋಲ್ಡ್ ಮೊದಲಿಟ್ಟ ಕೆಲಸ, ಜಾನ್ ಹಾಪ್ಕಿನ್ಸ್ ಮೊದಲಾದವರ ಕೈಯಲ್ಲಿ ಬೆಳೆದು, 1562ರಲ್ಲಿ ಪೂರ್ತಿ ಅಚ್ಚಾಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲೆಂಡು ಹಾಡಿದ್ದು ಅದನ್ನೇ. ಮೂಲಕ್ಕೆ ಮೋಸ ಮಾಡಬಾರದೆಂಬ ಹಟದಲ್ಲಿ ಪದಗಳನ್ನು ಹಿಂದುಮುಂದು ಮಾಡಿ, ತಿರುಚಿ, ಮೊಳೆ ಹೊಡೆದು ಕೂಡಿಸಿದಂಥ ಪದ್ಯಗಳು ಅದರಲ್ಲಿ ಹೇರಳ. 1696ರಲ್ಲಿ ಆಸ್ಥಾನಕವಿ ನೇಹಮ್ ಟೇಟ್ ಮತ್ತು ನಿಕೊಲಸ್ ಬ್ರೇಡಿ ಇನ್ನೊಂದು ಆವೃತ್ತಿ ತಂದರು. ಅದು ನಯವಾಗಿತ್ತು, ಅಷ್ಟೇ.

ಕಟ್ಟುಪಾಡು ಮುರಿಯಲು ಹೊರಟವರಲ್ಲಿ ವಾಟ್ಸ್ ಮೊದಲಿಗನಲ್ಲ. ಲಂಡನ್ನಿನ ಸದರ್ಕ್ ಭಾಗದಲ್ಲಿ ಬ್ಯಾಪ್ಟಿಸ್ಟ್ ಪಾಲಕನಾಗಿದ್ದ ಬೆಂಜಮಿನ್ ಕೀಚ್ ಗಟ್ಟಿ ಆಸಾಮಿ. ಮಕ್ಕಳಿಗಾಗಿ ಒಂದು ಪಾಠದ ಪುಸ್ತಕ ಬರೆದ ತಪ್ಪಿಗೆ 1664ರಲ್ಲಿ ಅವನನ್ನು ಸಂತೆಬೀದಿಯಲ್ಲಿ ಮರದ ಕೊಳಕ್ಕೆ ತಲೆ ಕೈ ಸಿಕ್ಕಿಸಿ ನಿಲ್ಲಿಸಿದ್ದರು. ಅದೇ ಕೀಚ್ 1673ರ ಸುಮಾರಿಗೆ ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ ಆರಾಧನೆಯ, ಕೊನೆಗೆ ಒಂದು ಹೊಸ ಹಾಡು ಹಾಡಿಸತೊಡಗಿದ. ಬೇಡವೆನ್ನುವವರು ಹಾಡಿಗೆ ಮೊದಲೇ ಎದ್ದು ಹೋಗಲಿ ಎಂದು ಕೊನೆಗಿಟ್ಟ. ಹದಿನೆಂಟು ವರ್ಷ ಕಳೆದು, 1691ರಲ್ಲಿ, ಪ್ರತಿ ಭಾನುವಾರವೂ ಹಾಡಬಹುದೆಂದು ಸಭೆ ಒಪ್ಪಿಕೊಂಡಾಗಲೂ ಒಂದು ಗುಂಪು ಸಿಡಿದು ಬೇರೆ ಸಭೆ ಕಟ್ಟಿಕೊಂಡಿತು. ಕೀಚ್‌ನಲ್ಲಿ ಧೈರ್ಯವಿತ್ತು, ಕಿವಿ ಇರಲಿಲ್ಲ. ಅವನು ಬರೆದ ನೂರಾರು ಹಾಡುಗಳನ್ನು ಇಂದು ಹಾಡುವವರಿಲ್ಲ.

ವಾಟ್ಸ್ ಹುಟ್ಟಿದ್ದು 1674ರ ಜುಲೈ 17ರಂದು, ದಕ್ಷಿಣ ಕರಾವಳಿಯ ಸೌತಾಂಪ್ಟನ್ ಬಂದರಿನಲ್ಲಿ. ತಂದೆಯ ಹೆಸರೂ ಐಸಾಕ್. ಅಲ್ಲಿನ ಸ್ವತಂತ್ರ ಸಭೆಯ ಹಿರಿಯ. ರಾಜನ ಸಭೆಗೆ, ಅಂದರೆ ಚರ್ಚ್ ಆಫ್ ಇಂಗ್ಲೆಂಡಿಗೆ, ಸೇರದವರನ್ನು ಭಿನ್ನಮತೀಯರು ಎನ್ನುತ್ತಿದ್ದರು. ಅವರು ಒಟ್ಟುಗೂಡಿ ಪ್ರಾರ್ಥಿಸುವುದೇ ಅಪರಾಧವಾಗಿದ್ದ ಕಾಲ ಅದು. ಮಗ ಕೂಸಾಗಿದ್ದಾಗ ತಂದೆ ಜೈಲಿನಲ್ಲಿದ್ದ. ತಾಯಿ ಸಾರಾ ಜೈಲಿನ ಹೊರಗಿನ ಕಲ್ಲಿನ ಮೇಲೆ ಕೂತು ಮಗುವಿಗೆ ಹಾಲೂಡಿಸುತ್ತಿದ್ದಳು ಎಂಬ ಕಥೆ ಆ ಮನೆತನದಲ್ಲಿ ಉಳಿದುಬಂದಿದೆ. ಹುಡುಗ ನಾಲ್ಕನೆಯ ವಯಸ್ಸಿಗೆ ಲ್ಯಾಟಿನ್, ಒಂಬತ್ತಕ್ಕೆ ಗ್ರೀಕ್, ಹತ್ತಕ್ಕೆ ಫ್ರೆಂಚ್, ಹದಿಮೂರಕ್ಕೆ ಹೀಬ್ರೂ ಹಿಡಿದ. ಮನೆಯ ಪ್ರಾರ್ಥನೆಯ ನಡುವೆ ನಕ್ಕದ್ದೇಕೆ ಎಂದು ತಂದೆ ಗದರಿದರೆ, ಹಗ್ಗ ಹತ್ತುತ್ತಿದ್ದ ಇಲಿಯ ಮೇಲೆ ಪ್ರಾಸ ಕಟ್ಟಿ ಉತ್ತರ ಕೊಟ್ಟನಂತೆ. ಏಟು ಬೀಳುವಾಗ ಕ್ಷಮೆ ಕೇಳಿದ್ದೂ ಪ್ರಾಸದಲ್ಲೇ ಅಂತೆ. ಕವಿಗಳ ಬಾಲ್ಯಕ್ಕೆ ಇಂಥ ಕಥೆ ಎಲ್ಲ ದೇಶದಲ್ಲೂ ಅಂಟಿಕೊಳ್ಳುತ್ತದೆ.

ಊರಿನ ವೈದ್ಯನೊಬ್ಬ ಆಕ್ಸ್‌ಫರ್ಡಿನಲ್ಲೋ ಕೇಂಬ್ರಿಜ್ಜಿನಲ್ಲೋ ಓದಿಸುವ ಖರ್ಚು ಹೊರುತ್ತೇನೆಂದು ಮುಂದೆ ಬಂದ. ಅಲ್ಲಿ ಓದಬೇಕಾದರೆ ರಾಜನ ಸಭೆಗೆ ತಲೆಬಾಗಬೇಕು. ಹುಡುಗ ಒಲ್ಲೆನೆಂದ. 1690ರಲ್ಲಿ ಲಂಡನ್ನಿನ ಹೊರವಲಯದ ನ್ಯೂಯಿಂಗ್ಟನ್ ಗ್ರೀನ್‌ನಲ್ಲಿ ಥಾಮಸ್ ರೋ ನಡೆಸುತ್ತಿದ್ದ ಭಿನ್ನಮತೀಯರ ವಿದ್ಯಾಶಾಲೆಗೆ ಸೇರಿದ. ಇಪ್ಪತ್ತನೆಯ ವಯಸ್ಸಿಗೆ ಓದು ಮುಗಿಸಿ ಊರಿಗೆ ಮರಳಿ ಎರಡು ವರ್ಷ ಸುಮ್ಮನೆ ಮನೆಯಲ್ಲಿದ್ದ.

ಆ ಎರಡು ವರ್ಷವೇ ಮುಖ್ಯವಾದದ್ದು. ಒಂದು ಭಾನುವಾರ ಸಭೆಯಿಂದ ಬರುತ್ತಾ ಮಗ ಹಾಡಿನ ಬಗ್ಗೆ ಗೊಣಗಿದ. ಅಷ್ಟು ಬೇಸರವಾದರೆ ನೀನೇ ಒಂದು ಉತ್ತಮವಾದದ್ದನ್ನು ಬರೆದು ತಾ ಎಂದ ತಂದೆ. ಮುಂದಿನ ಆರಾಧನೆಗೆ ಹಾಡು ಸಿದ್ಧವಾಗಿತ್ತು. ಸಭೆ ಇನ್ನೊಂದು ಕೇಳಿತು, ಮತ್ತೊಂದು ಕೇಳಿತು. ವಾಟ್ಸ್‌ನ ಹೆಸರಾಂತ ಸಂಕಲನದ ಬಹಳಷ್ಟು ಹಾಡುಗಳು ಹೀಗೆ ವಾರದ ಲೆಕ್ಕದಲ್ಲಿ, ಪರಿಚಯದ ಮುಖಗಳಿಗಾಗಿ ಹುಟ್ಟಿದವು. ಅಚ್ಚಿಗೆ ಮಾತ್ರ ಅವಸರವಿರಲಿಲ್ಲ. ಪ್ರಕಟಿಸು ಎಂದು ತಮ್ಮ ಈನಕ್ ಪತ್ರ ಬರೆದದ್ದು 1700ರಲ್ಲಿ. ಪುಸ್ತಕ ಬಂದದ್ದು 1707ರಲ್ಲಿ.

ಆ ಹೊತ್ತಿಗೆ ವಾಟ್ಸ್ ಲಂಡನ್ನಿನ ಮಾರ್ಕ್ ಲೇನ್ ಸಭೆಯ ಪಾಲಕನಾಗಿದ್ದ. ದೊಡ್ಡ ಪಂಡಿತ ಜಾನ್ ಓವನ್ ಒಂದು ಕಾಲದಲ್ಲಿ ನಡೆಸಿದ ಸಭೆ ಅದು. ಈ ಪದವಿಯನ್ನು ಅವನು ಒಪ್ಪಿಕೊಂಡದ್ದು 1702ರ ಮಾರ್ಚ್ 8ರಂದು; ಭಿನ್ನಮತೀಯರಿಗೆ ಉಸಿರಾಡಲು ಬಿಟ್ಟಿದ್ದ ದೊರೆ ಮೂರನೆಯ ವಿಲಿಯಂ ತೀರಿಕೊಂಡ ದಿನವೇ ಅದು. ಹೊಸ ಪಾಲಕ ಐದಡಿಯ ಆಸುಪಾಸಿನ ಕುಳ್ಳ, ರೋಗಿಷ್ಠ. ಆದರೆ ಪ್ರಸಂಗ ಕೇಳಲು ಜನ ನೆರೆಯುತ್ತಿದ್ದರು.

1706ರಲ್ಲಿ ಅವನು ‘ಹೋರೆ ಲಿರಿಸೆ’ ಎಂಬ ಕವನ ಸಂಕಲನ ಹೊರತಂದಿದ್ದ. ವಾಟ್ಸ್‌ಗೆ ಏನೇನು ಬರುತ್ತಿತ್ತು ಎಂಬುದನ್ನು ತಿಳಿಯಲು ಅದನ್ನು ನೋಡಬೇಕು. ಅಲ್ಲಿ ಗ್ರೀಕರ ಸ್ಯಾಫಿಕ್ ಛಂದಸ್ಸನ್ನು ಇಂಗ್ಲಿಷಿಗೆ ಎಳೆತಂದು ಅಂತ್ಯತೀರ್ಪಿನ ದಿನದ ಗುಡುಗು ಸಿಡಿಲನ್ನು ಬಣ್ಣಿಸಿದ್ದಾನೆ. ಅಂತ್ಯಪ್ರಾಸ ಬಿಟ್ಟು ಬರೆದಿದ್ದಾನೆ. ತತ್ತ್ವಜ್ಞಾನಿ ಜಾನ್ ಲಾಕ್‌ನನ್ನು ಕುರಿತು ಬರೆದಿದ್ದಾನೆ. ಮರುವರ್ಷವೇ ಬಂದ ‘ಹಿಮ್ಸ್ ಅಂಡ್ ಸ್ಪಿರಿಚುಯಲ್ ಸಾಂಗ್ಸ್’ ತೆರೆದರೆ ಇವನು ಅವನೇನಾ ಎನ್ನಿಸುತ್ತದೆ. ಬಹುತೇಕ ಮೂರೇ ಮಟ್ಟುಗಳು: ಎಂಟು, ಆರು, ಎಂಟು, ಆರು ಉಚ್ಚಾರಾಂಶಗಳ ಸಾಮಾನ್ಯ ಮಟ್ಟು, ನಾಲ್ಕೂ ಸಾಲು ಎಂಟರದಾದ ದೀರ್ಘ ಮಟ್ಟು, ಆರು, ಆರು, ಎಂಟು, ಆರರ ಗಿಡ್ಡ ಮಟ್ಟು. ಇವೇ ಏಕೆಂದರೆ ಜನಕ್ಕೆ ಗೊತ್ತಿದ್ದ ರಾಗಗಳು ಇವಕ್ಕೆ ಹೊಂದುತ್ತಿದ್ದವು. ಸಾಲಿನ ನಡುವೆ ವಿರಾಮ ಬರುವುದು ಅಪರೂಪ. ಸಾಲಿನ ಕೊನೆಗೆ ವಿರಾಮ ಬಾರದಿರುವುದೂ ಅಷ್ಟೇ ಅಪರೂಪ.

ಇದು ಆಕಸ್ಮಿಕವಲ್ಲ. ಮುನ್ನುಡಿಯಲ್ಲಿ ವಾಟ್ಸ್ ಲೆಕ್ಕ ಒಪ್ಪಿಸುತ್ತಾನೆ. ಓದು ಮತ್ತು ಹಾಡಿನ ಈ ಕಲಬೆರಕೆ ದುರದೃಷ್ಟದ್ದು, ಆದರೂ ಅದಕ್ಕೆ ತಕ್ಕಂತೆ ಸಾಲಿನ ತುದಿಗೆ ಅರ್ಥ ನಿಲ್ಲುವ ಹಾಗೆ ಬರೆದಿದ್ದೇನೆ ಎನ್ನುತ್ತಾನೆ. ರೂಪಕಗಳನ್ನು ಸಾಮಾನ್ಯರ ಮಟ್ಟಕ್ಕೆ ಇಳಿಸಿದ್ದೇನೆ, ಹೆಚ್ಚು ಝೇಂಕರಿಸಿದ ಸಾಲುಗಳನ್ನು ಕಿತ್ತುಹಾಕಿದ್ದೇನೆ, ಕಾವ್ಯದ ಕೆಲವು ಚೆಲುವುಗಳನ್ನು ತಿಳಿದೂ ತಿಳಿದೂ ಕೆಡಿಸಿದ್ದೇನೆ ಎನ್ನುತ್ತಾನೆ. ಚೊಕ್ಕ ಚಿನ್ನಕ್ಕೆ ಅಕ್ಕಸಾಲಿ ಬೇರೆ ಲೋಹ ಬೆರೆಸುವಂತೆ ತನ್ನ ಪದ್ಯಕ್ಕೂ ಬೆರಕೆ ಹಾಕಿದೆ ಎಂಬ ಭಾವದ ಮಾತೂ ಅಲ್ಲಿದೆ. ಅಕ್ಕಸಾಲಿಗಳಿಗೆ ಇದು ಚೆನ್ನಾಗಿ ಗೊತ್ತು: ಅಪ್ಪಟ ಚಿನ್ನದ ಬಳೆ ದಿನಬಳಕೆಗೆ ನಿಲ್ಲುವುದಿಲ್ಲ, ಬಗ್ಗಿಹೋಗುತ್ತದೆ.

ಪುಸ್ತಕವನ್ನು ಬಳಸುವವರ ಅನುಕೂಲವೂ ಅವನ ಲಕ್ಷ್ಯದಲ್ಲಿತ್ತು. ಉದ್ದದ ಹಾಡುಗಳಲ್ಲಿ ಬೇಕಾದರೆ ಬಿಡಬಹುದಾದ ಪದ್ಯಗಳಿಗೆ ಕಂಸ ಹಾಕಿದ. ಕವಿಯೊಬ್ಬ ತನ್ನದೇ ಪದ್ಯಕ್ಕೆ ‘ಇದನ್ನು ಬಿಟ್ಟರೂ ನಡೆದೀತು’ ಎಂದು ಗುರುತು ಹಾಕುವುದನ್ನು ಬೇರೆಲ್ಲಿ ಕಾಣುತ್ತೇವೆ! ಕರ್ತನ ಭೋಜನಕ್ಕಾಗಿ ಬರೆದ, ಇಂದಿಗೂ ಶುಭ ಶುಕ್ರವಾರ ಲೋಕವೆಲ್ಲ ಹಾಡುವ ‘ವೆನ್ ಐ ಸರ್ವೇ ದ ವಂಡ್ರಸ್ ಕ್ರಾಸ್’ ಹಾಡಿಗೂ ಇದರಿಂದ ವಿನಾಯಿತಿ ಇಲ್ಲ. 1709ರ ಎರಡನೆಯ ಮುದ್ರಣದಲ್ಲಿ ಅದರ ನಾಲ್ಕನೆಯ ಪದ್ಯಕ್ಕೆ ಕಂಸ ಬಿದ್ದಿದೆ. ಶಿಲುಬೆಯ ಮೇಲಿನ ಯೇಸುವಿಗೆ ಮೊದಲ ಮುದ್ರಣದಲ್ಲಿ ಹಾಕಿದ್ದ ‘ಎಳೆಯ’ ಎಂಬ ಅರ್ಥದ ವಿಶೇಷಣವನ್ನೂ ಎರಡನೆಯದರಲ್ಲಿ ತೆಗೆದ. ಆ ಶಬ್ದ ಮನಸ್ಸನ್ನು ಮೀಟುವಂಥದೇ. ಇದ್ದಿದ್ದರೆ ಚೆನ್ನಿತ್ತು ಎನ್ನುವವರು ಈಗಲೂ ಇದ್ದಾರೆ. ಅದರ ಜೊತೆಗೆ ಸಾಲಿನ ರಚನೆಯೂ ನೆಟ್ಟಗಾಯಿತು ಎಂಬುದನ್ನು ಅವರು ಒಪ್ಪಬೇಕು.

ಮನುಷ್ಯರ ಮಾತನ್ನು ಹಾಡಬಾರದು ಎನ್ನುವವರಿಗೆ ವಾಟ್ಸ್‌ನ ಉತ್ತರ ಸರಳ. ಪ್ರಾರ್ಥನೆ ನಮ್ಮ ಮಾತಿನಲ್ಲಿ ಮಾಡುತ್ತೇವೆ, ಪ್ರಸಂಗವೂ ನಮ್ಮ ಮಾತಿನಲ್ಲೇ. ಹಾಡಿಗೆ ಮಾತ್ರ ಏಕೆ ಮೂರು ಸಾವಿರ ವರ್ಷದ ಹಿಂದಿನ ಯೆಹೂದಿ ಅರಸನ ಬಾಯಿ ಎರವಲು ತರಬೇಕು? ದಾವೀದನ ಶತ್ರುಗಳು ನಮ್ಮ ಶತ್ರುಗಳಲ್ಲ, ಅವನ ಯಜ್ಞಪಶುಗಳು ನಮ್ಮವಲ್ಲ. ಈ ತರ್ಕ ಅವನನ್ನು ಇನ್ನೂ ದೊಡ್ಡ ಸಾಹಸಕ್ಕೆ ಒಯ್ಯಿತು. 1719ರಲ್ಲಿ ಬಂದ ‘ದ ಸಾಮ್ಸ್ ಆಫ್ ಡೇವಿಡ್’ ಪುಸ್ತಕದಲ್ಲಿ ಅವನು ಕೀರ್ತನೆಗಳನ್ನು ಭಾಷಾಂತರಿಸಲಿಲ್ಲ. ಹೊಸ ಒಡಂಬಡಿಕೆಯ ಭಾಷೆಯಲ್ಲಿ ಅನುಕರಿಸಿದೆ ಎಂದು ಶೀರ್ಷಿಕೆಯಲ್ಲೇ ಹೇಳಿಕೊಂಡ. ದಾವೀದ ಕ್ರೈಸ್ತನಾಗಿದ್ದರೆ ಹೇಗೆ ಹಾಡುತ್ತಿದ್ದನೋ ಹಾಗೆ. ನೂರೈವತ್ತರಲ್ಲಿ 138ನ್ನು ತೆಗೆದುಕೊಂಡು ಹನ್ನೆರಡನ್ನು ಕೈಬಿಟ್ಟ. ಶತ್ರುವಿನ ಮೇಲಿನ ಶಾಪಗಳು ಕ್ರೈಸ್ತರ ಬಾಯಿಗೆ ತಕ್ಕವಲ್ಲ ಎಂಬುದು ಅವನ ನಿಲುವು. ದೇವರ ವಾಕ್ಯದಲ್ಲೇ ಆರಿಸಿ ಹೆಕ್ಕಿದ ಈ ಎದೆಗಾರಿಕೆ ಇಂದು ನಮಗೆ ಸಲೀಸಾಗಿ ಕಾಣಬಹುದು. ಅವನ ಕಾಲದಲ್ಲಿ ಹಾಗಿರಲಿಲ್ಲ.

ಆ ಪುಸ್ತಕದಿಂದ ಎರಡು ಹಾಡುಗಳು ಪುಸ್ತಕವನ್ನೇ ಮೀರಿ ಹೋದವು. ತೊಂಬತ್ತೆಂಟನೆಯ ಕೀರ್ತನೆಯ ಎರಡನೆಯ ಭಾಗವೇ ‘ಜಾಯ್ ಟು ದ ವರ್ಲ್ಡ್’. ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಮಾಲುಗಳ ಧ್ವನಿವರ್ಧಕಗಳಲ್ಲೂ ಕೇಳುವ ಈ ಹಾಡನ್ನು ವಾಟ್ಸ್ ಕ್ರಿಸ್‌ಮಸ್‌ಗೆಂದು ಬರೆದವನಲ್ಲ. ಅದರಲ್ಲಿ ಗೋದಲಿಯಿಲ್ಲ, ಕುರುಬರಿಲ್ಲ, ನಕ್ಷತ್ರವಿಲ್ಲ. ಇಂದಿನ ಧಾಟಿಯನ್ನು ಅದಕ್ಕೆ ಹೊಂದಿಸಿದವನು ಅಮೆರಿಕದ ಲೋವೆಲ್ ಮೇಸನ್, ಅದೂ ನೂರು ವರ್ಷ ದಾಟಿದ ಮೇಲೆ. ಇನ್ನೊಂದು ತೊಂಬತ್ತನೆಯ ಕೀರ್ತನೆಯದು, ಕಾಲದ ಹೊಳೆಯಲ್ಲಿ ತಲೆಮಾರುಗಳೇ ಕೊಚ್ಚಿಹೋಗುವುದನ್ನು ಕುರಿತದ್ದು. ಮೂಲದ ಮೊದಲ ಶಬ್ದ ‘ನಮ್ಮ’ ಎಂದಿತ್ತು. ಅದನ್ನು ‘ಓ’ ಎಂದು ತಿದ್ದಿದವನು ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ. ವಿಲಿಯಂ ಕ್ರಾಫ್ಟ್‌ನ ಸೇಂಟ್ ಆ್ಯನ್ ಧಾಟಿಯಲ್ಲಿ ಅದು ಇಂಗ್ಲಿಷರ ರಾಷ್ಟ್ರಶೋಕದ ಹಾಡೇ ಆಗಿಹೋಗಿದೆ. 1941ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದ ಯುದ್ಧನೌಕೆಯೊಂದರ ಮೇಲೆ ಚರ್ಚಿಲ್ ಮತ್ತು ರೂಸ್‌ವೆಲ್ಟ್ ಜೊತೆಗೂಡಿ ಆರಾಧನೆ ನಡೆಸಿದಾಗ ಹಾಡಿದವುಗಳಲ್ಲಿ ಅದೂ ಒಂದು.

ದಾವೀದನಿಗೆ ಕ್ರೈಸ್ತ ದೀಕ್ಷೆ ಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ವಾಟ್ಸ್ ಅವನನ್ನು ಇಂಗ್ಲೆಂಡಿನವನನ್ನಾಗಿಯೂ ಮಾಡಿದ. ಕೀರ್ತನೆಯಲ್ಲಿ ‘ಇಸ್ರಾಯೇಲ್’ ಇದ್ದ ಕೆಲವು ಕಡೆ ‘ಬ್ರಿಟನ್’ ಬಂದು ಕೂತಿತು. ಈ ಎಡವಟ್ಟಿಗೆ ಶಿಕ್ಷೆ ಸಾಗರದಾಚೆ ಕಾದಿತ್ತು. 1729ರಲ್ಲಿ ಫಿಲಡೆಲ್ಫಿಯಾದ ಯುವ ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್ ಈ ಪುಸ್ತಕವನ್ನು ಅಚ್ಚುಹಾಕಿದ. ಅಮೆರಿಕದ ಸಭೆಗಳಲ್ಲಿ ಅದು ಬೇರೂರಿತು. ಆಮೇಲೆ ಕ್ರಾಂತಿಯಾಯಿತು. ಬ್ರಿಟನ್ನಿನ ಮೇಲೆ ಬಂದೂಕು ಹಿಡಿದವರು ಭಾನುವಾರ ಬ್ರಿಟನ್ನಿಗೆ ಜಯವಾಗಲೆಂದು ಹಾಡುವುದೆಂತು? 1781ರಲ್ಲಿ ಜಾನ್ ಮೈಕಲ್ ಎಂಬ ಮುದ್ರಕ ತಿದ್ದಿದ ಆವೃತ್ತಿ ತಂದ. 1785ರಲ್ಲಿ ಕವಿ ಜೋಯೆಲ್ ಬಾರ್ಲೊ, 1801ರಲ್ಲಿ ಟಿಮತಿ ಡ್ವೈಟ್ ತಿದ್ದಿದರು. ದೇವರಿಗೆ ಹಾಡುವ ಪದ್ಯದಲ್ಲಿ ದೇಶದ ಹೆಸರು ನುಗ್ಗಿಸಿದರೆ ಗಡಿ ಬದಲಾದಾಗಲೆಲ್ಲ ಅಚ್ಚುಮೊಳೆ ಬದಲಾಯಿಸಬೇಕಾಗುತ್ತದೆ.

1712ರಲ್ಲಿ ಕಾಯಿಲೆ ವಾಟ್ಸ್‌ನನ್ನು ಹಿಡಿದು ಹಾಕಿತು. ಲಂಡನ್ನಿನ ಮೇಯರ್ ಆಗಿದ್ದ ಸರ್ ಥಾಮಸ್ ಆಬ್ನಿ, ಹರ್ಟ್‌ಫರ್ಡ್‌ಷೈರಿನ ಥಿಯೋಬಾಲ್ಡ್ಸ್‌ನಲ್ಲಿದ್ದ ತನ್ನ ಮನೆಗೆ ಒಂದು ವಾರ ಬಂದು ಸುಧಾರಿಸಿಕೊಳ್ಳಿ ಎಂದು ಕರೆದ. ಆ ವಾರ ಮೂವತ್ತಾರು ವರ್ಷ ನಡೆಯಿತು. 1722ರಲ್ಲಿ ಆಬ್ನಿ ತೀರಿಕೊಂಡ ಮೇಲೂ ಲೇಡಿ ಆಬ್ನಿ ಅತಿಥಿಯನ್ನು ಕಳಿಸಲಿಲ್ಲ. ಆ ಸಂಸಾರ ಸ್ಟೋಕ್ ನ್ಯೂಯಿಂಗ್ಟನ್‌ಗೆ ಮನೆ ಬದಲಾಯಿಸಿದಾಗ ವಾಟ್ಸ್‌ನೂ ಜೊತೆಗೆ ಹೋದ. ಮದುವೆಯಾಗಲಿಲ್ಲ. ಕವಯಿತ್ರಿ ಎಲಿಜಬೆತ್ ಸಿಂಗರ್ ಅವನ ಬುದ್ಧಿಯನ್ನು ಮೆಚ್ಚಿ ರೂಪ ನೋಡಿ ಹಿಂಜರಿದಳೆಂಬ ಕಥೆಯೊಂದಿದೆ. ಹೇಳುವವರಿಗೆ ಬಲು ಇಷ್ಟದ ಕಥೆ, ಆದ್ದರಿಂದಲೇ ಸ್ವಲ್ಪ ಅನುಮಾನದಿಂದ ಕೇಳಬೇಕಾದದ್ದು. ವರ್ಷದ ವರಮಾನ ನೂರು ಪೌಂಡೂ ಇರಲಿಲ್ಲ, ಅದರಲ್ಲಿ ಮೂರನೆಯ ಒಂದು ಪಾಲು ಬಡವರಿಗೆ ಹೋಗುತ್ತಿತ್ತು ಎಂದು ವಿಮರ್ಶಕ ಡಾಕ್ಟರ್ ಜಾನ್ಸನ್ ದಾಖಲಿಸಿದ್ದಾನೆ.

ಆಬ್ನಿ ಮನೆಯಲ್ಲಿ ಬರೆದದ್ದರಲ್ಲಿ ಹಾಡಿಗಿಂತ ಗದ್ಯ ಹೆಚ್ಚು. 1720ರ ದಶಕದಲ್ಲಿ ಬಂದ ತರ್ಕಶಾಸ್ತ್ರದ ಪುಸ್ತಕ, ಯಾವ ವಿಶ್ವವಿದ್ಯಾಲಯದ ಬಾಗಿಲು ಅವನಿಗೆ ಮುಚ್ಚಿತ್ತೋ ಅಲ್ಲೇ ಪಠ್ಯವಾಯಿತು. ಖಗೋಳವನ್ನೂ ಭೂಗೋಳವನ್ನೂ ಸುಲಭವಾಗಿ ವಿವರಿಸುವ ಪುಸ್ತಕ ಬರೆದ. 1741ರ ‘ದ ಇಂಪ್ರೂವ್‌ಮೆಂಟ್ ಆಫ್ ದ ಮೈಂಡ್’ ಓದುವುದು ಹೇಗೆ, ಟಿಪ್ಪಣಿ ಮಾಡಿಕೊಳ್ಳುವುದು ಹೇಗೆ, ವಾದಿಸುವುದು ಹೇಗೆ ಎಂದು ಕಲಿಸುವ ಪುಸ್ತಕ. ಶಾಲೆ ಕಂಡದ್ದು ಅಷ್ಟಕ್ಕಷ್ಟೇ ಆಗಿದ್ದ, ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಅದನ್ನು ಓದಿ, ಅದು ಹೇಳಿದಂತೆಯೇ ಟಿಪ್ಪಣಿ ಪುಸ್ತಕ ಇಟ್ಟ. ಅವನು ಮೈಕೆಲ್ ಫ್ಯಾರಡೆ.

ಮಕ್ಕಳಿಗಾಗಿ 1715ರಲ್ಲಿ ಬರೆದ ಹಾಡುಗಳ ಬಗ್ಗೆ ಅಷ್ಟು ಪ್ರೀತಿಯಿಂದ ಮಾತಾಡುವುದು ಕಷ್ಟ. ಭಾಷೆ ತಿಳಿಯಾಗಿದೆ, ಲಯ ಮುದ್ದಾಗಿದೆ; ಒಳಗೆ ಜೇನುನೊಣವನ್ನು ನೋಡಿ ಕಲಿ, ಸೋಮಾರಿಯಾಗಬೇಡ, ಸುಳ್ಳು ಹೇಳಿದರೆ ನರಕದ ಬೆಂಕಿ ಎಂಬ ಬೆತ್ತ ಕೂತಿದೆ. ಇಂಗ್ಲಿಷ್ ಮಕ್ಕಳು ಒಂದೂವರೆ ಶತಮಾನ ಇದನ್ನು ಉರುಹೊಡೆದರು. 1865ರಲ್ಲಿ ಲೂಯಿಸ್ ಕ್ಯಾರಲ್ ಸೇಡು ತೀರಿಸಿದ. ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಕ್ಕೆ ಕರೆತಂದ ಆಲಿಸ್, ಮೂಲದಲ್ಲಿ ವಾಟ್ಸ್‌ನ ಜೇನುನೊಣದ ಪದ್ಯ ಹೇಳಲು ಹೋಗಿ ಮೊಸಳೆಯ ಪದ್ಯ ಹೇಳಿಬಿಡುತ್ತಾಳೆ, ಸೋಮಾರಿಯ ಪದ್ಯಕ್ಕೆ ಹೋಗಿ ಸಮುದ್ರದ ಸಿಗಡಿಗೆ ಬರುತ್ತಾಳೆ. ಮೂಲ ಎಲ್ಲರಿಗೂ ಬಾಯಿಪಾಠವಾಗಿದ್ದರೆ ಮಾತ್ರ ಅಣಕ ನಗಿಸುತ್ತದೆ. ಇವತ್ತು ಅಣಕವೇ ಉಳಿದಿದೆ, ಮೂಲ ಅದರ ಅಡಿಟಿಪ್ಪಣಿ.

ಇಂಗ್ಲಿಷ್ ಕವಿಗಳ ಚರಿತ್ರೆ ಬರೆಯುವಾಗ ವಾಟ್ಸ್ ಸೇರಲಿ ಎಂದು ಪ್ರಕಾಶಕರಿಗೆ ಹೇಳಿದವನು ಸ್ವತಃ ಜಾನ್ಸನ್. ಭಿನ್ನಮತೀಯರೆಂದರೆ ಆಗದ, ರಾಜನ ಸಭೆಯ ಕಟ್ಟಾಳು ಅವನು. ಭಕ್ತಿಕಾವ್ಯ ತೃಪ್ತಿಕೊಡದು, ವಾಟ್ಸ್‌ನದೂ ಕೊಡದು ಎಂದು ತೀರ್ಪಿತ್ತ. ಒಂದು ಹೊತ್ತು ಲಾಕ್‌ನ ಜೊತೆ ವಾದ ಮಾಡಿ, ಇನ್ನೊಂದು ಹೊತ್ತು ನಾಲ್ಕು ವರ್ಷದ ಮಗುವಿಗೆ ಪ್ರಶ್ನೋತ್ತರ ಬರೆದುಕೊಡಲು ಬಗ್ಗಿದ ಮನುಷ್ಯನಿಗೆ ಮಾತ್ರ ತಲೆಬಾಗಿದ. ಮನುಷ್ಯನ ಬಗೆಗಿನ ಮಾತು ಸರಿ. ಕಾವ್ಯದ ಬಗೆಗಿನದು ಅರ್ಧ ಸರಿ. ಜಾನ್ಸನ್ ಆ ಪದ್ಯಗಳನ್ನು ಕುರ್ಚಿಯಲ್ಲಿ ಕೂತು ಕಣ್ಣಿನಿಂದ ಓದಿದ. ಮುನ್ನೂರು ಜನ ಒಂದೇ ಉಸಿರಿನಲ್ಲಿ ಹಾಡಿದಾಗ ಆ ಬಡಕಲು ಸಾಲುಗಳಿಗೆ ಬರುವ ತೂಕ ಕಾಗದದ ಮೇಲೆ ಕಾಣುವಂಥದಲ್ಲ.

ಕೊನೆಗಾಲದ ಒಂದು ಸಂಕಟವನ್ನು ಹೇಳಲೇಬೇಕು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತತ್ತ್ವ ವಾಟ್ಸ್‌ಗೆ ವಯಸ್ಸಾದಂತೆ ಬಿಡಿಸಲಾರದ ಗಂಟಾಯಿತು. ಪುಸ್ತಕದ ಮೇಲೆ ಪುಸ್ತಕ ಬರೆದರೂ ಸಡಿಲಲಿಲ್ಲ. ನನ್ನ ಗೊಂದಲ ಬಗೆಹರಿಸು ಎಂದು ದೇವರಿಗೇ ನೇರವಾಗಿ ಬಿನ್ನಹ ಬರೆದ. ತನ್ನ ಹಳೆಯ ಹಾಡುಗಳ ಕೆಲವು ಮಾತುಗಳನ್ನು ತಿದ್ದಬೇಕೆನಿಸಿತು. ಆದರೆ 1707ರ ಪುಸ್ತಕದ ಹಕ್ಕನ್ನು ಅವನು ಲಾರೆನ್ಸ್ ಎಂಬ ಪುಸ್ತಕ ವ್ಯಾಪಾರಿಗೆ ಅತ್ಯಲ್ಪ ಹಣಕ್ಕೆ ಎಂದೋ ಮಾರಿಬಿಟ್ಟಿದ್ದ. ಆ ಪ್ರತಿ ನನ್ನದಲ್ಲ, ಅವನ ವಂಶದವರು ಇಂದಿಗೂ ಅದರಿಂದ ಹಣ ಮಾಡುತ್ತಿದ್ದಾರೆ, ಮಾರಾಟಕ್ಕೆ ಧಕ್ಕೆ ತರುವ ತಿದ್ದುಪಡಿ ಮಾಡಲು ನನಗೆ ಅಧಿಕಾರವೂ ಇಲ್ಲ ಎಂದು ಗೆಳೆಯನಿಗೆ ಬರೆದ ಪತ್ರ ಉಳಿದಿದೆ. ತನಗೇ ಪೂರ್ತಿ ಒಪ್ಪಿಗೆಯಿಲ್ಲದ ಮಾತುಗಳನ್ನು ಊರೂರಿನ ಸಭೆಗಳು ಹಾಡುತ್ತಿರುವುದನ್ನು ಅವನು ಸುಮ್ಮನೆ ಕೇಳಬೇಕಾಯಿತು.

1748ರ ನವೆಂಬರ್ 25ರಂದು ವಾಟ್ಸ್ ತೀರಿಕೊಂಡ. ಭಿನ್ನಮತೀಯರ ರುದ್ರಭೂಮಿ ಬನ್‌ಹಿಲ್ ಫೀಲ್ಡ್ಸ್‌ನಲ್ಲಿ, ಲೇಖಕರಾದ ಬನ್ಯನ್ ಮತ್ತು ಡಿಫೋ ಮಲಗಿರುವ ನೆಲದಲ್ಲೇ ಮಣ್ಣಾಯಿತು. ಅವನ ಇಚ್ಛೆಯಂತೆ ಶವಪೆಟ್ಟಿಗೆಯ ಜೊತೆ ನಡೆದವರು ಮೂರು ಬೇರೆ ಬೇರೆ ಪಂಗಡಗಳ ಇಬ್ಬಿಬ್ಬರು ಪಾಲಕರು. ಹಾಡುಗಳಿಗೆ ಪಂಗಡದ ಹಂಗು ಮೊದಲೇ ಇರಲಿಲ್ಲ. ವೆಸ್ಲಿ 1737ರಲ್ಲಿ ಅಮೆರಿಕದ ಚಾರ್ಲ್ಸ್‌ಟೌನಿನಲ್ಲಿ ಅಚ್ಚು ಮಾಡಿಸಿದ ಮೊದಲ ಹಾಡಿನ ಪುಸ್ತಕದಲ್ಲಿ ದೊಡ್ಡ ಪಾಲು ವಾಟ್ಸ್‌ನದು. 1791ರಲ್ಲಿ ಸಾಯುವ ಮುನ್ನ ಹಾಸಿಗೆಯಲ್ಲೇ ವೆಸ್ಲಿ ಗುನುಗಿದ್ದೂ ವಾಟ್ಸ್‌ನ ಕೀರ್ತನೆಯನ್ನೇ. 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ ಜಾನ್ ಹ್ಯಾಂಡ್ಸ್‌ನನ್ನು ಕಳಿಸಿದ ಲಂಡನ್ ಮಿಷನ್ನಿಗೆ ಬೆನ್ನೆಲುಬಾಗಿದ್ದವರು ಬಹುಮಟ್ಟಿಗೆ ವಾಟ್ಸ್‌ನ ಸ್ವತಂತ್ರ ಸಭೆಗಳವರೇ. ಆ ಸಭೆಗಳಲ್ಲಿ ಆಗಿನ ಕಾಲಕ್ಕೆ ಹಾಡಿನ ಪುಸ್ತಕವೆಂದರೆ ವಾಟ್ಸ್ ಎಂದೇ ಅರ್ಥ.

ಆದರೆ ವಾಟ್ಸ್‌ನ ಹೆಸರು ತಲುಪಿದ ಅತಿ ದೂರದ ಜಾಗ ಬಳ್ಳಾರಿಯಲ್ಲ. 1750ರ ದಶಕದಲ್ಲಿ ವರ್ಜೀನಿಯಾದ ಪಾಲಕ ಸ್ಯಾಮ್ಯುಯೆಲ್ ಡೇವಿಸ್, ತನ್ನ ಸಭೆಗೆ ಬರುವ ಕಪ್ಪು ಗುಲಾಮರಿಗೆ ಹಾಡೆಂದರೆ ಪ್ರಾಣ, ಅವರಿಗಾಗಿ ವಾಟ್ಸ್‌ನ ಪುಸ್ತಕಗಳನ್ನು ಕಳಿಸಿಕೊಡಿ ಎಂದು ಲಂಡನ್ನಿಗೆ ಪತ್ರ ಬರೆದ. ಪುಸ್ತಕಗಳು ಹೋದವು. ಓದು ಕಲಿಯಗೊಡದ ತೋಟಗಳಲ್ಲಿ ಹಾಡಲು ಇದ್ದದ್ದು ಒಂದೇ ದಾರಿ: ಒಬ್ಬ ಸಾಲು ಹೇಳಬೇಕು, ಉಳಿದವರು ಹಿಡಿಯಬೇಕು. ಇಂಗ್ಲೆಂಡಿನ ಸಭೆಗಳು ಈ ಪದ್ಧತಿಯನ್ನು ಕ್ರಮೇಣ ಕೈಬಿಟ್ಟವು. ಆದರೆ ಅಮೆರಿಕದ ಕಪ್ಪುಜನರ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಅದು ಉಳಿಯಿತು, ಉಳಿದು ಬೇರೆಯೇ ಆಯಿತು. ಮುಂದಾಳು ಒಂದು ಸಾಲನ್ನು ಸರಸರನೆ ಉಸುರುತ್ತಾನೆ; ವಾದ್ಯವಿಲ್ಲದೆ ಸಭೆ ಅದನ್ನು ಎತ್ತಿಕೊಂಡು, ಒಂದೊಂದು ಅಕ್ಷರವನ್ನೂ ಎಳೆದು, ಬಳುಕಿಸಿ, ನರಳಿಸಿ, ಅಲೆಯಂತೆ ಹೊರಳಿಸುತ್ತದೆ. ಒಂದು ಪದ್ಯ ಮುಗಿಯಲು ನಿಮಿಷಗಟ್ಟಲೆ ಬೇಕು. ಈಗಲೂ ಹಾಡುತ್ತಾರೆ. ಪದ್ಯ ಬರೆದವರು ಬೇರೆ ಯಾರೇ ಇರಲಿ, ಹೀಗೆ ಸಾಲು ಹೇಳಿಕೊಟ್ಟು ಹಾಡುವ ಹಾಡಿಗೆ ಅಲ್ಲಿನವರು ಇಟ್ಟ ಹೆಸರು ‘ಡಾಕ್ಟರ್ ವಾಟ್ಸ್’.